ಬಳೆ ಹೆಚ್ಚಾದ ದಿನ

ಮೋತಿಯನ್ನು ಕೊಂದವಳು ಗಿರಿಜಕ್ಕ ಅಲ್ಲ, ನಾನು. ಈ ಒಂದು ಸಾಲು ಬರೆಯಲು ನನಗೆ ಒಂದು ಆಯುಷ್ಯವೇ ಬೇಕಾಯಿತು. ಗೊತ್ತಿಲ್ಲದೆ ಆಗಿದ್ದು ಬಿಡಿ ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ ದಯವಿಟ್ಟು ಸುಮ್ಮನಿರಿ. ಮೊದಲಿನಿಂದ ಕೊನೆಯವರೆಗೂ ನನಗೆ ಎಲ್ಲ ಗೊತ್ತಿತ್ತು.

ಐವತ್ತರ ದಶಕದ ಮಾತು. ದಾದರಿನ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ ನಮ್ಮದೊಂದು ಖೋಲಿ — ನಾನು, ನನ್ನ ಗಂಡ, ನಮ್ಮತ್ತೆ. ಧಾರವಾಡದಿಂದ ಮದುವೆಯಾಗಿ ಬಂದು ಎರಡು ವರ್ಷವೂ ಆಗಿರಲಿಲ್ಲ. ಪಕ್ಕದ ಖೋಲಿ ಗಿರಿಜಕ್ಕನದು. ಉಡುಪಿ ಕಡೆಯವರು, ನನಗಿಂತ ಸ್ವಲ್ಪ ದೊಡ್ಡವರು. ಅವರ ಗಂಡ ಶೀನಣ್ಣ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಬೆಳಕು ಹರಿಯುವ ಮೊದಲೇ ಹೋದವರು ಮರಳುವುದು ಊರೆಲ್ಲ ಉಂಡ ಮೇಲೆ. ಅಲ್ಲಿಯವರೆಗೆ ಗಿರಿಜಕ್ಕನಿಗೆ ಜೊತೆ ಎಂದರೆ ಮೋತಿ.

ಮೋತಿ ಜಾತಿ ನಾಯಿಯೇನಲ್ಲ. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಕುಂಯ್‌ಗುಡುತ್ತಿದ್ದ ಮರಿಯನ್ನು ಶೀನಣ್ಣ ಅಂಗಿಯೊಳಗೆ ಹಾಕಿಕೊಂಡು ಲೋಕಲ್ ಟ್ರೇನಿನಲ್ಲಿ ತಂದಿದ್ದರು. ಕಂದು ಬಣ್ಣ, ಒಂದು ಕಿವಿ ಸದಾ ಮಡಚಿಕೊಂಡೇ ಇರುತ್ತಿತ್ತು. ಗಿರಿಜಕ್ಕ ಅದನ್ನು ಬೈಯುವುದು ಕನ್ನಡದಲ್ಲಿ, ಮುದ್ದು ಮಾಡುವುದು ತುಳುವಿನಲ್ಲಿ. ನನ್ನ ಮೇಲೂ ಅದಕ್ಕೆ ನಂಬಿಕೆ ಇತ್ತು. ಮಿಕ್ಕ ಅನ್ನವನ್ನು ತಾಟಿಗೆ ಹಾಕಿ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿಟ್ಟರೆ ಸಾಕು, ಓಡಿ ಬಂದು ಗಬಗಬನೆ ಮುಗಿಸುತ್ತಿತ್ತು. ಅಗಿಯುವ ಅಭ್ಯಾಸವೇ ಇರಲಿಲ್ಲ. "ಯಾರಾದ್ರೂ ಕಸ್ಕೊಳ್ತಾರಾ ನಿನ್ನದು? ನಿಧಾನ ತಿನ್ನು ಮಾರಾಯ," ಎಂದು ಗಿರಿಜಕ್ಕ ನಗುತ್ತಿದ್ದರು.

ನನಗಾಗ ಏಳನೆಯ ತಿಂಗಳು. ಅವ್ವ ಧಾರವಾಡದಿಂದ ಬಂದು, ಬಸುರಿಗೆ ಮಾಡುವ ಕುಬಸ ಮಾಡಿ, ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿ, ಬಾಣಂತನಕ್ಕೆ ಕರೆದೊಯ್ಯುವ ಮಾತಾಡಿ ಹೋಗಿದ್ದಳು. ಆ ದಿನಕ್ಕಾಗಿ ನಾನು ಎಷ್ಟು ಕಾದಿದ್ದೆನೋ — ತವರಿನ ಹಿತ್ತಲು, ಅವ್ವನ ಕೈ ಎಣ್ಣೆ. ಒಂದು ಬೆಳಿಗ್ಗೆ ನನ್ನ ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನನ್ನ ಮುಖವನ್ನೂ ನೋಡದೆ, "ಬಾಣಂತನ ಇಲ್ಲೇ ಆಗ್ಲಿ ಅಂತಾಳ ನಮ್ಮವ್ವ. ನೀ ಧಾರವಾಡಕ್ಕ ಹೋಗೂದು ಬ್ಯಾಡ," ಎಂದರು. ಅಷ್ಟೇ. ಗಾಡಿ ತಪ್ಪುತ್ತದೆಂದು ಇಳಿದು ಹೋದರು. ಅತ್ತೆ ಕೆಳಗೆ ನಳದ ಹತ್ತಿರ ಇದ್ದರು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಈಗಲೂ ಹಾಗೆಯೇ, ಬೇಕಿದ್ದರೆ ನನ್ನ ಸೊಸೆಯನ್ನು ಕೇಳಿ. ಬಾಗಿಲ ಚೌಕಟ್ಟಿಗೆ ಬಲಗೈಯನ್ನು ಹೊಡೆದೆ. ಒಮ್ಮೆ ಅಲ್ಲ, ಒಂದು ಬಳೆಯೂ ಉಳಿಯದ ಹಾಗೆ ಹೊಡೆದೆ.

ಚೂರು ನೆಲದ ಮೇಲೆ ಹರಡಿದ ಮೇಲೆ ಮೈಮೇಲೆ ಎಚ್ಚರ ಬಂತು. ಗಂಡ ಗಟ್ಟಿಮುಟ್ಟಾಗಿರುವಾಗ ಮುತ್ತೈದೆ ತಾನೇ ತನ್ನ ಬಳೆ ಒಡೆದುಕೊಂಡರೆ — ಅದರ ಅರ್ಥ ಏನೆಂದು ನಮ್ಮ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಅದೂ ಕುಬಸದ ಬಳೆ! ಮೆಟ್ಟಿಲ ಮೇಲೆ ಅತ್ತೆಯ ಕೆಮ್ಮು. ಚೂರುಗಳನ್ನು ಗಡಬಡಿಸಿ ಬಾಚಿ ತಾಟಿನಲ್ಲಿ ಹಾಕಿ, ಮೇಲೆ ತಂಗಳನ್ನ ಮುಚ್ಚಿ, ಗ್ಯಾಲರಿ ತುದಿಯ ಕಸದ ಡಬ್ಬಿಗೆ ಸುರಿಯಲೆಂದು ಹೊರಬಿದ್ದೆ. ಬಾಗಿಲಲ್ಲೇ ಅತ್ತೆ ಎದುರಾದರು. ಅವರ ಕೊಡ ಇಳಿಸಿಕೊಳ್ಳಲು ತಾಟನ್ನು ಹೊಸ್ತಿಲಾಚೆ ಗ್ಯಾಲರಿಯಲ್ಲಿಟ್ಟೆ, ಅವರು ಒಳಗೆ ಬಂದರು.

ಅತ್ತೆಯ ಕಣ್ಣು ನೇರ ನನ್ನ ಕೈಗೇ ಹೋಯಿತು. "ಅಯ್ಯ, ಬಲಗೈ ಯಾಕ ಬೋಳು? ಬಳಿ ಹೆಚ್ಚಾದ್ವೇನ?"

"ಹೂಂನ್ರಿ. ಹೊಸ್ತಿಲದಾಗ ಜೋಲಿ ಹೋತು. ಹೆಚ್ಚಾದ್ವು."

ನಮ್ಮ ಮನೆಗಳಲ್ಲಿ ಬಳೆ 'ಒಡೆಯಿತು' ಅನ್ನುವುದಿಲ್ಲ. ಬಾಯಲ್ಲಿ ಅಪಶಕುನ ಯಾಕೆಂದು 'ಹೆಚ್ಚಾಯಿತು' ಅನ್ನುತ್ತೇವೆ, ದೀಪ ಆರಿತು ಅನ್ನದೆ ಶಾಂತವಾಯಿತು ಅಂದ ಹಾಗೆ. ಬುದ್ಧಿ ಬಂದಾಗಿನಿಂದ ಕೇಳಿದ ಮಾತು, ನಾಲಿಗೆಗೆ ತಾನಾಗಿ ಬರುತ್ತದೆ.

ಅತ್ತೆ ಕೆನ್ನೆ ಬಡಿದುಕೊಂಡು ದೇವರ ಹೆಸರು ಹೇಳುತ್ತಿರುವಾಗ ಅವರ ಬೆನ್ನ ಹಿಂದೆ ಮೋತಿ ಬಂದದ್ದು ಕಂಡಿತು. ತಾಟಿಗೆ ಬಾಯಿ ಹಾಕಿತು. 'ಹಚಾ' ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕೂಗಿದರೆ ಅತ್ತೆ ತಿರುಗಿ ನೋಡುತ್ತಿದ್ದರು, ಜೋಲಿ ಹೋಗಿ ಬಿದ್ದರೆ ಇಷ್ಟೊಂದು ಚೂರು ಹೇಗಾಯಿತು, ಅನ್ನದ ಕೆಳಗೆ ಯಾಕೆ ಬಚ್ಚಿಟ್ಟೆ ಎಂದು ಕೇಳುತ್ತಿದ್ದರು. ನಾನು ಕೂಗಲಿಲ್ಲ. ಅದು ತಿನ್ನುವುದನ್ನು ನೋಡುತ್ತ ನಿಂತೆ. ಮುಗಿಸಿ, ತಾಟು ನೆಕ್ಕಿ, ನನ್ನ ಕಡೆ ನೋಡಿ ಬಾಲ ಅಲ್ಲಾಡಿಸಿತು. ಒಂದೆರಡು ಚೂರು ಮಾತ್ರ ತಾಟಿನಲ್ಲಿ ಉಳಿದಿದ್ದವು.

ಅತ್ತೆ ಕೂಡಲೇ ಕೆಳಗಿನ ಗಲ್ಲಿಯ ಬಳೆಗಾರನನ್ನು ಕರೆಸಿ ಮೊದಲಿಗಿಂತ ಜಾಸ್ತಿ ಬಳೆ ತೊಡಿಸಿದರು. ಅವನು ಹೋಗಿ ಸ್ವಲ್ಪ ಹೊತ್ತಿಗೆ ಗಿರಿಜಕ್ಕ ಓಡಿ ಬಂದರು.

"ಇಂದಿರಾ, ಮೋತಿ ಒಂಥರಾ ಮಾಡ್ತಾ ಉಂಟು. ಮಲಗುದಿಲ್ಲ, ಏಳುದಿಲ್ಲ, ಸುಮ್ಮನೆ ನರಳುದು. ನೀನು ಎಂತಾದ್ರೂ ಹಾಕಿದ್ದಾ ಮಾರಾಯ್ತಿ?"

ಅತ್ತೆ ಒಳಗೇ ಕೂತಿದ್ದಾರೆ. ಇನ್ನು ಈ ಮಾತನ್ನು ಓದುವವರು ನನ್ನನ್ನು ಹೇಗೆ ನೋಡುತ್ತೀರೋ ನೋಡಿ — ನಾನು ಸುಳ್ಳು ಹೇಳಲಿಲ್ಲ. "ತಂಗಳನ್ನ ಇಟ್ಟಿದ್ದೆ ಗಿರಿಜಕ್ಕ. ಮುಂಜಾನೆ ನನ್ನ ಬಳಿ ಹೆಚ್ಚಾಗಿದ್ವು..." ಎಂದೆ.

ಅವರು ನನ್ನ ತುಂಬಿದ ಕೈಯನ್ನು ನೋಡಿದರು. "ಬಳೆ ಹೆಚ್ಚಾದ್ರೆ ನಾಯಿಗೆಂತ? ನನ್ನ ಜೀವ ಹೋಗ್ತಾ ಉಂಟು, ನೀನು ಬಳೆ ಕತೆ ಹೇಳ್ತಿ!"

ಅವರ ಕಡೆ ಆ ಮಾತಿಗೆ ಆ ಅರ್ಥ ಇರಲಿಲ್ಲ. ನನಗದು ಗೊತ್ತಿತ್ತು. ಒಮ್ಮೆ ಇದೇ ಮಾತಿಗೆ ಗ್ಯಾಲರಿಯಲ್ಲಿ ಇಬ್ಬರೂ ನಕ್ಕಿದ್ದೆವು, ಅವರು ಮರೆತಿದ್ದರು. ಗೊತ್ತಿದ್ದೇ ಆ ಮಾತನ್ನು ಆರಿಸಿಕೊಂಡೆ. ಎಷ್ಟೋ ವರ್ಷ ಅದನ್ನೇ ಜಪ ಮಾಡಿದೆ: ನಾನು ಹೇಳಿದ್ದೆನಲ್ಲ, ಅವರಿಗೆ ತಿಳಿಯದಿದ್ದರೆ ನಾನೇನು ಮಾಡಲಿ? ಥೂ!

ಗಿರಿಜಕ್ಕ ಇದ್ದಕ್ಕಿದ್ದಂತೆ ಹಣೆ ಹಣೆ ಚಚ್ಚಿಕೊಂಡರು. ಹಿಂದಿನ ದಿನ ಇಲಿಗೆಂದು ಕೊಬ್ಬರಿ ಚೂರಿಗೆ ಪಾಷಾಣ ಹಚ್ಚಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದರಂತೆ. ಹೋಗಿ ನೋಡಿದರೆ ಕೊಬ್ಬರಿ ಇಲ್ಲ. "ನಾನೇ ಕೊಂದೆ, ನನ್ನ ಕೈಯಾರೆ ವಿಷ ಇಟ್ಟೆ," ಎಂದು ಅಳತೊಡಗಿದರು. ಚಾಳಿನ ಹೆಂಗಸರು ಸೇರಿ ಉಪ್ಪುನೀರು ಕುಡಿಸಿ ಕಕ್ಕಿಸಿ ಎಂದರು. ಗಿರಿಜಕ್ಕ ಮೋತಿಯ ಬಾಯಿ ಅಗಲಿಸಿ ಹಿಡಿದರು. ತಂಬಿಗೆ ಹಿಡಿದು ಹೊಯ್ದವಳು ನಾನು. ಅದು ನನ್ನ ಕೈಯನ್ನು ಕಚ್ಚಲಿಲ್ಲ.

ಕಕ್ಕಿದ್ದರಲ್ಲಿ ಹಸಿರು ಮಿನುಗಿತು. ಯಾರೂ ಬಗ್ಗಿ ನೋಡುವ ಮೊದಲೇ ನಾನು ಒಲೆಯ ಬೂದಿ ತಂದು ಸುರಿದು ಬಳಿದುಬಿಟ್ಟೆ. ತುಂಬಿದ ಬಸುರಿ ನಾಯಿಯ ವಾಂತಿ ಬಳಿಯುತ್ತಿದ್ದಾಳೆ, ಎಂಥ ಮನಸ್ಸು ಎಂದು ಹೆಂಗಸರು ಹೊಗಳಿದರು. ಆ ಹೊಗಳಿಕೆಯನ್ನೂ ತಲೆ ತಗ್ಗಿಸಿ ಇಸಿದುಕೊಂಡೆ.

ಮೋತಿ ಇನ್ನಷ್ಟು ಸೊರಗಿತು. ಸ್ಟೇಷನ್ನಿನ ಆಚೆ ದನದ ಡಾಕ್ಟರರೊಬ್ಬರಿದ್ದರು. ಹಳೆ ಸೀರೆಯಲ್ಲಿ ಸುತ್ತಿ ಟಾಂಗಾದಲ್ಲಿ ಒಯ್ದೆವು. ಗಿರಿಜಕ್ಕನಿಗೆ ಮರಾಠಿ ಬಾರದು, ನನಗೆ ಬರುತ್ತದೆಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದರು. ಡಾಕ್ಟರರು ಹೊಟ್ಟೆ ಮುಟ್ಟಿ ನೋಡಿ ನನ್ನನ್ನೇ ಕೇಳಿದರು: "ವಿಷ ಕೀ ಟೋಕದಾರ ಕಾಹೀ? ನೀಟ ಸಾಂಗಾ." ವಿಷವೋ, ಚೂಪಾದದ್ದೇನಾದರೂ ನುಂಗಿದೆಯೋ, ಸರಿಯಾಗಿ ಹೇಳಿ. ವಿಷವಾದರೆ ಇನ್ನೂ ಕಕ್ಕಿಸಬೇಕು. ಚೂಪಾದದ್ದಾದರೆ ಕಕ್ಕಿಸಲೇಬಾರದು, ಮೇಲೆ ಬರುವಾಗ ಒಳಗೆಲ್ಲ ಕೊಯ್ಯುತ್ತದೆ. ಆಗ ಮೆತ್ತಗೆ ಬೇಯಿಸಿದ ಅನ್ನವನ್ನೋ ಬ್ರೆಡ್ಡನ್ನೋ ಹೊಟ್ಟೆ ತುಂಬ ತಿನ್ನಿಸಿ, ಅದರಲ್ಲಿ ಸುತ್ತಿಕೊಂಡು ಕೆಳಗೆ ಇಳಿದು ಹೋಗಲು ಬಿಡಬೇಕು. ಎಲ್ಲವನ್ನೂ ನಾನು ಕೇಳಿದೆ. ಒಂದು ಅಕ್ಷರವೂ ತಪ್ಪದೆ ಅರ್ಥವಾಯಿತು.

"ಎಂತ ಹೇಳ್ತಾರೆ ಇಂದಿರಾ?"

"ಪಾಷಾಣ ತಿಂದಿದ್ದು ಖರೇ ಏನು ಅಂತ ಕೇಳ್ತಾರ್ರಿ."

"ಹೌದು ಅನ್ನು, ಹೌದು. ನಾನೇ ಇಟ್ಟದ್ದು."

ಡಾಕ್ಟರರ ಕಡೆ ತಿರುಗಿ ವಿಷ ಎಂದೆ. ಪಾಪ, ಅವರು ನಮ್ಮ ಮಾತನ್ನು ನಂಬಿ ಕಕ್ಕಿಸುವ ಔಷಧ ಕೊಟ್ಟರು. ನನ್ನ ಮಾನ ಒಂದು ಕಡೆ, ಆ ಮೂಕ ಜೀವ ಒಂದು ಕಡೆ. ಅತ್ತೆಯಂತೂ ಅಲ್ಲಿರಲಿಲ್ಲ. ಅಲ್ಲಿ ಹೇಳಬಹುದಿತ್ತು. ಗಿರಿಜಕ್ಕನ ಮುಂದೆ ಸಣ್ಣವಳಾಗಲು ಆಗಲಿಲ್ಲ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಿದ್ದೇನೆ, ಸಿಕ್ಕಿಲ್ಲ.

ಮೋತಿ ರಕ್ತ ಕಕ್ಕಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಿರಿಜಕ್ಕನ ಮಡಿಲಲ್ಲೇ ಹೋಗಿಬಿಟ್ಟಿತು. ಶೀನಣ್ಣ ಆ ದಿನ ಹೋಟೆಲಿಗೆ ಹೋಗಲಿಲ್ಲ. ಅವರು ಹೆಂಡತಿಯನ್ನು ಬೈದದ್ದನ್ನು ನಾನು ಕೇಳಲಿಲ್ಲ. ಆಮೇಲೆ ಮಾತ್ರ, ಯಾವ ಜಗಳವಾದರೂ, ಗೋಡೆಯಾಚೆಯಿಂದ ಅವರದೊಂದು ಮಾತು ಬರುತ್ತಿತ್ತು: "ನಿನ್ನ ಕೈಯ ಗುಣ ನಂಗೆ ಗೊತ್ತುಂಟು." ಗಿರಿಜಕ್ಕ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಇತ್ತ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ.

ಆ ವಾರವೇ ಮೆಟ್ಟಿಲ ಕೆಳಗೆ ನಾತ ಬಂದು, ಹುಡುಕಿದರೆ ಒಂದು ಹೆಗ್ಗಣ ಸತ್ತು ಬಿದ್ದಿತ್ತು, ಪಕ್ಕದಲ್ಲಿ ಅರ್ಧ ಕಡಿದ ಕೊಬ್ಬರಿ. ಝಾಡೂವಾಲಾ ಎತ್ತಿ ಎಸೆದ. ಆ ಕೊಬ್ಬರಿ ಯಾರದೆಂದು ಗುರುತು ಹಿಡಿದವಳು ನಾನೊಬ್ಬಳೇ. ಆಗಲೂ ಬಾಯಿ ಬಿಡಲಿಲ್ಲ.

ನನಗೆ ಮಗ ಹುಟ್ಟಿದ. ಗಿರಿಜಕ್ಕ ಅವನಿಗೆ ಎಣ್ಣೆ ಹಚ್ಚಿದರು, ಎರೆದರು, ತೊಟ್ಟಿಲು ತೂಗಿದರು. ಒಂದು ತುತ್ತು ಮಾತ್ರ ಎಂದೂ ತಿನ್ನಿಸಲಿಲ್ಲ. ಅವನು ಅವರ ಬೆರಳು ಹಿಡಿದು ಬಾಯಿ ತೆರೆದರೆ ಬಟ್ಟಲನ್ನು ನನ್ನ ಕಡೆ ಸರಿಸಿ, "ನೀನೇ ಕೊಡು, ನನ್ನ ಕೈಯಿಂದ ಬೇಡ," ಅನ್ನುತ್ತಿದ್ದರು. ನಾನು ಬಟ್ಟಲು ತೆಗೆದುಕೊಳ್ಳುತ್ತಿದ್ದೆ. ನನಗೆ ನಾಚಿಕೆ ಆಗುತ್ತಿತ್ತು, ಆದರೆ ನಾಚಿಕೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಮುಂದೆ ಗಿರಿಜಕ್ಕನಿಗೂ ಒಬ್ಬ ಮಗಳಾದಳು, ಆಮೇಲೆ ಅವರು ಮಲಾಡಿಗೆ ಹೋದರು. ಶೀನಣ್ಣ ತೀರಿಕೊಂಡಾಗ ಮಾತಾಡಿಸಲು ಹೋದೆ, ಅಳುವವರ ನಡುವೆ ಮೋತಿಯ ಮಾತು ಹೇಗೆ ಎತ್ತಲಿ ಎಂದು ಹೇಳದೆಯೇ ಬಂದೆ. ಮೊನ್ನೆ ಹೋದಾಗ ಅವರ ಮೊಮ್ಮಗಳು ಬಿಲ್ಡಿಂಗಿನ ಕೆಳಗಿನಿಂದ ಒಂದು ನಾಯಿಮರಿ ಎತ್ತಿಕೊಂಡು ಬಂದಳು. "ಅಜ್ಜಿ, ಇಸ್ಕೋ ಬಿಸ್ಕೀಟ್ ಕೊಡು ನಾ," ಎಂದು ಹಿಂದಿ ಬೆರೆಸಿ ಹೇಳಿ, ಮರಿಗೆ ಹಾಕಲೆಂದು ಬಿಸ್ಕೀಟನ್ನು ಅವರತ್ತ ಚಾಚಿದಳು. ಗಿರಿಜಕ್ಕ ಕೈ ಹಿಂದೆಗೆದರು.

"ಬೇಡ ಮಗಾ. ನಾನು ಒಂದು ನಾಯಿಗೆ ವಿಷ ಕೊಟ್ಟವಳು."

ಸಣ್ಣ ಮಗುವಿಗೆ, ತಮ್ಮ ಹೆಸರು ಹೇಳಿಕೊಂಡಷ್ಟು ಸಲೀಸಾಗಿ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ನೀವಲ್ಲ ಗಿರಿಜಕ್ಕ. ಮೋತಿ ನುಂಗಿದ್ದು ನನ್ನ ಬಳಿ ಚೂರು. ಸಿಟ್ಟಿಗೆ ನಾನ ಕೈ ಬಡದು ಒಡಕೊಂಡಿದ್ದೆ. ಅದು ತಿನ್ನೂದನ್ನ ನೋಡಿದೆ. ಡಾಕ್ಟರ್ ಚೂಪಂದೇನರೆ ನುಂಗೇದೇನು ಅಂತ ಕೇಳಿದ್ರು, ನಾ ನಿಮಗ ಅರ್ಧಾನ ಹೇಳಿದೆ."

"ನಾನಿಟ್ಟ ಕೊಬ್ಬರಿ?"

"ಹೆಗ್ಗಣ ಒಯ್ದಿತ್ತು. ನಾ ನೋಡೇನಿ."

"ಹಾಗಾದ್ರೆ ನಾನಲ್ಲವಾ?"

"ಅಲ್ರಿ."

"ನಾನಲ್ಲವಾ ಇಂದಿರಾ?" ಮತ್ತೆ ಕೇಳಿದರು, ಕಿವಿ ಕೇಳದವರ ಹಾಗೆ. ಮೊಮ್ಮಗಳ ಕೈಯಿಂದ ಬಿಸ್ಕೀಟು ತೆಗೆದುಕೊಂಡು, ಮುರಿದು, ಮರಿಯ ಮುಂದೆ ಹಿಡಿದರು. ಅದು ತಿಂದಿತು. ಅಂಗೈಯನ್ನು ನೆಕ್ಕಿತು. ಗಿರಿಜಕ್ಕ ಕೈಯನ್ನು ಅಲ್ಲೇ ಇಟ್ಟುಕೊಂಡು ಅತ್ತರು.

ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: "ನಮ್ಮವ್ರು ಬದುಕಿದ್ದಾಗ ಬಂದು ಹೇಳ್ಬಹುದಿತ್ತಲ್ಲ, ಇಂದಿರಾ. ಕಡೇ ದಿನ ಗಂಜಿ ಕೊಡ್ಲಿಕ್ಕೆ ಹೋದ್ರೆ, ಮಗಳ ಕೈಯಲ್ಲಿ ಕೊಡು ಅಂದ್ರು."