ಏಳು ದಾಟದ ತಂಗಿ

ಮಕ್ಕಳು ಅವಳಿಗೆ ಹಂತಮ್ಮ ಎಂದು ಹೆಸರಿಟ್ಟು ಇಪ್ಪತ್ತು ವರ್ಷವಾದರೂ ಆಗಿತ್ತು. ಲೆಕ್ಕದ ಟೀಚರ್. ಉತ್ತರ ಸರಿಯಿದ್ದರೆ ಸಾಲದು, ಅಲ್ಲಿಗೆ ಹೇಗೆ ಬಂದೆ ಅಂತ ಹಂತ ಹಂತವಾಗಿ ಬರೆದಿರಬೇಕು. ಒಂದು ಹಂತ ನುಂಗಿದರೆ ಒಂದು ಅಂಕ ಖೋತಾ. ಅಳಲಿ, ಅಪ್ಪನನ್ನು ಕರೆತರಲಿ, ಕತ್ತರಿಸಿದ ಅಂಕ ಕತ್ತರಿಸಿದ್ದೇ. ಹೆಸರು ಕಿವಿಗೆ ಬಿದ್ದರೂ ಕೇಳಿಸದವಳ ಹಾಗೆ ಇರುತ್ತಿದ್ದಳು, ಏಕೆಂದರೆ ಒಳಗೊಳಗೇ ಅದು ಅವಳಿಗೆ ಇಷ್ಟವಾಗಿತ್ತು.

ಅವಳಿಗೆ ಇನ್ನೊಂದು ಹುಚ್ಚಿತ್ತು. ಉಳಿದವರು ಗೈಡಿನಿಂದ ಲೆಕ್ಕ ಎತ್ತಿ, ಅಂಕಿ ಬದಲಿಸಿ, ಪ್ರಶ್ನೆಪತ್ರಿಕೆ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವಳಿಗೆ ಅದು ಆಗಿಬರುತ್ತಿರಲಿಲ್ಲ. ಪ್ರಶ್ನೆಯಲ್ಲಿ ಸುಳ್ಳು ಅಂಕಿ ಬರೆಯಬಾರದು ಎಂಬುದು ಅವಳ ಹಟ. ಮೆಟ್ಟಿಲಿನ ಲೆಕ್ಕ ಕೊಡುವುದಿದ್ದರೆ ಶಾಲೆಯ ಮೆಟ್ಟಿಲುಗಳನ್ನೇ ಎಣಿಸುವಳು. ಬಸ್ಸಿನ ವೇಗ ಬೇಕಿದ್ದರೆ ಬಸ್ಸಿನಲ್ಲೇ ಕೂತು ಗಡಿಯಾರ ನೋಡುವಳು. ಒಮ್ಮೆ ಶಂಕುವಿನ ಘನಫಲಕ್ಕೆಂದು ಕಡಲೆಕಾಯಿ ಪೊಟ್ಟಣ ಬಿಚ್ಚಿ ಅಳೆಯಲು ಹೋಗಿ, ಕಡಲೆಕಾಯಿಯನ್ನೆಲ್ಲ ಬಸ್ಸಿನ ತುಂಬ ಚೆಲ್ಲಿ, ಕಂಡಕ್ಟರ್ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದಳು. ಇಪ್ಪತ್ತೊಂಬತ್ತು ವರ್ಷದ ಅವಳ ಪತ್ರಿಕೆಗಳಲ್ಲಿ ಅಳೆಯದೆ ಬರೆದ ಅಂಕಿ ಒಂದೂ ಇರಲಿಲ್ಲ.

ಮನೆ ಎಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಅವಳು ಮತ್ತು ಅವಳ ತಾಯಿ, ಅಷ್ಟೇ. ತಾಯಿಗೆ ಎಂಬತ್ತಕ್ಕೆ ಒಂದು ಕಡಿಮೆ, ಇವಳಿಗೆ ಐವತ್ತನಾಲ್ಕು. ಮದುವೆಯ ಮಾತು ಬಂದಾಗಲೆಲ್ಲ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ತಳ್ಳಿಹಾಕಿದ್ದಳು. ಊರವರು ಎಂಥಾ ಮಗಳಪ್ಪಾ ಎಂದು ಹೊಗಳಿದರು. ಆದರೆ ಅದು ಪ್ರೀತಿಗಿಂತ ಹೆಚ್ಚಾಗಿ ಹಳೇ ತಪ್ಪಿಗೆ ಕಟ್ಟುತ್ತಿದ್ದ ದಂಡ ಎಂಬುದು ಹೊಗಳಿದವರಿಗೆ ಗೊತ್ತಿರಲಿಲ್ಲ.

ವಿಷಯ ಇಷ್ಟು. ಅವಳಿಗೆ ಹನ್ನೊಂದು ವರ್ಷವಿದ್ದಾಗ ತಂಗಿ ಹಿತ್ತಲ ನೀರಿನ ತೊಟ್ಟಿಯಲ್ಲಿ ಮುಳುಗಿ ಸತ್ತಳು. ತಂಗಿಗೆ ಏಳು. ದಿನಾ ಮಧ್ಯಾಹ್ನ ನಲ್ಲಿಯಲ್ಲಿ ನೀರು ಬಂದಾಗ ತೊಟ್ಟಿಗೆ ನೀರು ಬಿಟ್ಟು ನಿಲ್ಲಿಸುವುದು ದೊಡ್ಡವಳ ಕೆಲಸ. ಅವತ್ತು ನಲ್ಲಿ ತಿರುಗಿಸಿದವಳು ಗೆಳತಿಯ ಮನೆಗೆ ಓಡಿದಳು. ಅರ್ಧ ಗಂಟೆ ಬಿಟ್ಟು ಬಂದಾಗ ತೊಟ್ಟಿ ತುಂಬಿ ಹರಿಯುತ್ತಿತ್ತು, ತಂಗಿ ಅದರೊಳಗಿದ್ದಳು. ತೊಟ್ಟಿ ಎತ್ತರ, ಒಳಗೇನಿದೆ ಎಂದು ಹನ್ನೊಂದರ ಹುಡುಗಿಗೆ ಕೆಳಗಿನಿಂದ ಕಾಣುತ್ತಲೂ ಇರಲಿಲ್ಲ. ತಂಗಿ ಪಕ್ಕದ ಬಟ್ಟೆ ಒಗೆಯುವ ಕಲ್ಲು ಹತ್ತಿ ಬಿದ್ದಿರಬೇಕು. ಅಮ್ಮ ಪೊಲೀಸರಿಗೆ, ಅಪ್ಪನಿಗೆ, ಬಂದ ನೆಂಟರಿಗೆಲ್ಲ ಹೇಳಿದ್ದು ಒಂದೇ ಮಾತು: ಬೆಳಿಗ್ಗೆ ತೊಟ್ಟಿ ತೊಳೆದು, ಒಣಗಲಿ ಅಂತ ಮುಚ್ಚಳ ತೆಗೆದು ಖಾಲಿ ಇಟ್ಟಿದ್ದೆ, ಇವಳು ನಲ್ಲಿ ತಿರುಗಿಸಿ ಹೋಗಿಬಿಟ್ಟಳು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಸಾಯುವವರೆಗೂ ಅವಳ ಮುಖವನ್ನು ಸರಿಯಾಗಿ ನೋಡಲಿಲ್ಲ, ಅಷ್ಟೇ. ಹೊಡೆದಿದ್ದರೆ ವಾಸಿಯಿತ್ತು.

ಹಾಗಿರುವಾಗ ಈ ವರ್ಷ ಶಾಲೆಗೆ ಎಐ ಬಂತು. ವಾರ್ಷಿಕ ಪರೀಕ್ಷೆಗೆ ಮೊದಲು ಪ್ರತಿ ವಿಷಯಕ್ಕೂ ಹತ್ತು ಅಭ್ಯಾಸ ಪತ್ರಿಕೆ ಆಗಬೇಕು, ಎಲ್ಲರೂ ಹೊಸ ಸಾಧನದಲ್ಲೇ ಮಾಡಬೇಕು ಎಂದು ಹೆಡ್‌ಮೇಡಂ ಅಪ್ಪಣೆ ಹೊರಡಿಸಿದರು. ಕಂಪ್ಯೂಟರ್ ಮೇಷ್ಟ್ರು ಎಲ್ಲರನ್ನೂ ಕೂರಿಸಿ ತೋರಿಸಿದರು. ಪಾಠ ಯಾವುದು, ಸುಲಭ ಎಷ್ಟು, ಕಠಿಣ ಎಷ್ಟು, ಒಂದು ಅಂಕದ್ದು ಎಷ್ಟು, ನಾಲ್ಕು ಅಂಕದ್ದು ಎಷ್ಟು ಎಂದು ತುಂಬಿದರೆ ಸಾಕು, ನೀಲನಕ್ಷೆಯಿಂದ ಹಿಡಿದು ಉತ್ತರ ಸೂಚಿಯವರೆಗೆ ಎಲ್ಲ ತಯಾರು. ಹಳೇ ಪತ್ರಿಕೆಗಳನ್ನು ಕೊಟ್ಟರೆ ನಿಮ್ಮದೇ ಶೈಲಿಯಲ್ಲಿ ಪ್ರಶ್ನೆ ಬರೆಯುತ್ತದೆ ಎಂದೂ ಹೇಳಿದರು. ಹಂತಮ್ಮನಿಗೆ ಮೈಯೆಲ್ಲ ಉರಿಯಿತು. ನನ್ನ ಶೈಲಿ ಅದರ ಹಣೇಲಿ ಬರೆದಿದೆಯಾ ಎಂದು ಗೊಣಗಿದಳು. ಗೊಣಗುತ್ತಲೇ ಕಬ್ಬಿಣದ ಬೀರು ತೆಗೆದು, ದಾರ ಕಟ್ಟಿಟ್ಟಿದ್ದ ಕಂತೆಗಳನ್ನು ಹೊರಗೆಳೆದಳು. ಅಷ್ಟನ್ನೂ ಸ್ಕ್ಯಾನ್ ಮಾಡುವುದಕ್ಕೆ ಎರಡು ದಿನ ಹಿಡಿಯಿತು.

ಮೊದಲನೇ ಪತ್ರಿಕೆಯನ್ನು ಅವಳು ಎರಡೆರಡು ಸಲ ಓದಿದಳು. ಅವಳದೇ ಮಾತು, ಅವಳದೇ ಬಿಗಿ. 'ಕಾರಣ ಸಹಿತ ಬರೆ, ಊಹೆ ಬೇಡ' ಎಂದು ಪ್ರಶ್ನೆಯ ಕೊನೆಗೆ ಅವಳು ಸೇರಿಸುತ್ತಿದ್ದ ಕೊಕ್ಕೆಯೂ ಹಾಗೇ ಇತ್ತು. ಇದು ಇಷ್ಟು ವರ್ಷ ತನ್ನ ಪಕ್ಕದ ಕುರ್ಚಿಯಲ್ಲೇ ಕೂತಿತ್ತೋ ಏನೋ ಅನ್ನಿಸಿ ಅವಳು ಒಮ್ಮೆ ಪಕ್ಕಕ್ಕೆ ನೋಡಿದಳು. ಸ್ಟಾಫ್‌ರೂಮಿನಲ್ಲಿ ಯಾರೂ ಇರಲಿಲ್ಲ, ಎಲ್ಲರೂ ತರಗತಿಗೆ ಹೋಗಿದ್ದರು.

ಪತ್ರಿಕೆಯ ಕೆಳಗೆ ಶೈಲಿ ಟಿಪ್ಪಣಿ ಎಂದು ಒಂದಿಷ್ಟು ಸಾಲುಗಳಿದ್ದವು. ಇವರು ಅಳೆದ ಅಂಕಿಗಳನ್ನೇ ಬಳಸುತ್ತಾರೆ. ಹಂತಕ್ಕೆ ಅಂಕ ಕೊಡುತ್ತಾರೆ. ಅಲ್ಲಿಯವರೆಗೆ ಖುಷಿಯಾಗಿಯೇ ಓದಿದಳು. ಆಮೇಲಿನ ಸಾಲುಗಳು ಹೀಗಿದ್ದವು: ವಯಸ್ಸಿನ ಲೆಕ್ಕಗಳಲ್ಲಿ ಅಕ್ಕ ತಂಗಿ ಬರುತ್ತಾರೆ, ಒಟ್ಟು ನಲವತ್ತೊಂದು ಸಲ. ತಂಗಿಯ ವಯಸ್ಸು ಏಳನ್ನು ದಾಟುವುದಿಲ್ಲ. ಇಷ್ಟು ವರ್ಷಗಳ ನಂತರ ತಂಗಿಗೆ ಎಷ್ಟು ವಯಸ್ಸು ಎಂಬ ಪ್ರಶ್ನೆಯನ್ನು ಇವರು ಒಮ್ಮೆಯೂ ಕೇಳಿಲ್ಲ. ಅಕ್ಕ ಪ್ರತಿ ಸಲವೂ ತಡವಾಗಿ ಬರುತ್ತಾಳೆ.

ಇದನ್ನೆಲ್ಲ ತಾನು ಮಾಡಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ, ಸಾವಿರಾರು ಮಕ್ಕಳ ಕೈಲಿ ಅವಳು ತನ್ನ ತಂಗಿಯ ಲೆಕ್ಕ ಬಿಡಿಸಿದ್ದಳು, ಒಬ್ಬರೂ ಪತ್ತೆ ಹಚ್ಚಿರಲಿಲ್ಲ. ಗಾಬರಿಯಲ್ಲಿ ಟಿಪ್ಪಣಿಯನ್ನು ಅಳಿಸಿ, ಎರಡನೇ ಪತ್ರಿಕೆ ಕೇಳಿದಳು.

ಎರಡನೇ ಪತ್ರಿಕೆಯ ಕೊನೆಯಲ್ಲಿ, ನಾಲ್ಕು ಅಂಕಕ್ಕೆ, ಈ ಪ್ರಶ್ನೆ ಇತ್ತು. 'ಒಂದು ನೀರಿನ ತೊಟ್ಟಿಯ ಉದ್ದ ಎರಡು ಮೀಟರ್, ಅಗಲ ಒಂದು ಮೀಟರ್, ಆಳ ಒಂದೂವರೆ ಮೀಟರ್. ಅದರ ನಲ್ಲಿಯಿಂದ ಹತ್ತು ಲೀಟರಿನ ಬಕೆಟ್ ಅರ್ಧ ನಿಮಿಷದಲ್ಲಿ ತುಂಬುತ್ತದೆ. ಅಕ್ಕ ನಲ್ಲಿ ತಿರುಗಿಸಿ ಗೆಳತಿಯ ಮನೆಗೆ ಹೋಗಿ, ಮೂವತ್ತು ನಿಮಿಷಗಳ ನಂತರ ಬಂದಾಗ ತೊಟ್ಟಿ ತುಂಬಿ ಹರಿಯುತ್ತಿತ್ತು. ತಂಗಿಯ ಎತ್ತರ ಒಂದು ಮೀಟರ್ ಹತ್ತು ಸೆಂಟಿಮೀಟರ್. ಹಾಗಾದರೆ, ಅಕ್ಕ ನಲ್ಲಿ ತಿರುಗಿಸುವ ಮೊದಲು ತೊಟ್ಟಿಯಲ್ಲಿ ಎಷ್ಟು ನೀರಿತ್ತು? ಕಾರಣ ಸಹಿತ ಬರೆ, ಊಹೆ ಬೇಡ.'

ಅವಳು ಲ್ಯಾಪ್‌ಟಾಪನ್ನು ಧಡ್ ಎಂದು ಮುಚ್ಚಿ, ಅದನ್ನೆತ್ತಿಕೊಂಡು ಕಂಪ್ಯೂಟರ್ ಕೋಣೆಗೆ ಹೋದಳು. ಇದು ನನ್ನ ಮನೆಯ ವಿಷಯ, ಇದಕ್ಕೆ ಯಾರು ಹೇಳಿದರು ಎಂದು ಮೇಷ್ಟ್ರ ಮೇಲೆ ಹರಿಹಾಯ್ದಳು. ಪಾಪ, ಆ ಮನುಷ್ಯನಿಗೆ ತಲೆಬುಡ ತಿಳಿಯಲಿಲ್ಲ. ಪ್ರಶ್ನೆಯ ಪಕ್ಕದಲ್ಲಿದ್ದ 'ಆಧಾರ' ಎಂಬ ಗುಂಡಿ ಒತ್ತಿ, ಯಾವುದು ಎಲ್ಲಿಂದ ಬಂತು ಎಂದು ತೋರಿಸಿದರು. ತೊಟ್ಟಿಯ ಅಳತೆ ಅವಳ ಮೂರನೇ ವರ್ಷದ ಪತ್ರಿಕೆಯಿಂದ. ಬಕೆಟ್ ಹನ್ನೊಂದನೇ ವರ್ಷದ್ದು. ಗೆಳತಿಯ ಮನೆಗೆ ಹೋಗಲು ಹತ್ತು, ಬರಲು ಹತ್ತು, ಅಲ್ಲಿ ಹತ್ತು ನಿಮಿಷ, ಅದು ಹತ್ತೊಂಬತ್ತನೇ ವರ್ಷದ್ದು. ತಂಗಿಯ ಎತ್ತರವೂ, ಉಕ್ಕಿ ಹರಿಯುವ ತೊಟ್ಟಿಯೂ ಬೇರೆ ಬೇರೆ ಕಡೆಯವು.

"ಎಲ್ಲಾ ನೀವೇ ಕೊಟ್ಟಿದ್ದು ಮೇಡಂ," ಎಂದರು ಮೇಷ್ಟ್ರು. "ಅದು ಒಟ್ಟಿಗೆ ಇಟ್ಟಿದೆ, ಅಷ್ಟೆ."

ಹೌದು, ಅವಳೇ ಕೊಟ್ಟದ್ದು. ಮರುವರ್ಷ ತೊಟ್ಟಿಯಿದ್ದ ಆ ಹಳೇ ಮನೆ ಬಿಟ್ಟು ಹೊರಟ ದಿನ, ಹನ್ನೆರಡರ ಹುಡುಗಿ, ಒಬ್ಬಳೇ ಹಿತ್ತಲಿಗೆ ಹೋಗಿ ದಾರ ಹಿಡಿದು ತೊಟ್ಟಿ ಅಳೆದಿದ್ದಳು. ಏಕೆ ಎಂದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅಳೆದಿದ್ದನ್ನೆಲ್ಲ ಒಂದೊಂದು ವರ್ಷಕ್ಕೆ ಒಂದೊಂದಾಗಿ ಮಕ್ಕಳಿಗೆ ಹಂಚಿದಳು. ಆದರೆ ಅವುಗಳಲ್ಲಿ ಯಾವ ಎರಡನ್ನೂ ಯಾವತ್ತೂ ಒಂದೇ ಪ್ರಶ್ನೆಯಲ್ಲಿ ಬರೆಯಲಿಲ್ಲ.

ಆ ಪತ್ರಿಕೆಯನ್ನು ಬದಿಗಿಟ್ಟು ಮತ್ತೆ ಕೇಳಿದಳು. ಮೂರನೇ ಪತ್ರಿಕೆಯಲ್ಲಿ ತೊಟ್ಟಿ ಮತ್ತೆ ಬಂತು, ಮಾತು ಮಾತ್ರ ಬೇರೆ. ತೊಟ್ಟಿ ಬೇಡ, ನೀರು ಬೇಡ ಎಂದು ಸ್ಪಷ್ಟವಾಗಿ ಬರೆದು ನಾಲ್ಕನೆಯದನ್ನು ಕೇಳಿದಳು. ತೊಟ್ಟಿ ಹೋಯಿತು. ಅದರ ಜಾಗದಲ್ಲಿ ವಯಸ್ಸಿನ ಲೆಕ್ಕ ಬಂದು ಕೂತಿತ್ತು: 'ಅಕ್ಕನಿಗೆ ಈಗ ಐವತ್ತನಾಲ್ಕು, ತಂಗಿಗೆ ಏಳು. ಇಬ್ಬರ ವಯಸ್ಸಿನ ವ್ಯತ್ಯಾಸ ಮೊದಲು ನಾಲ್ಕಿತ್ತು. ಹೀಗಾಗಲು ಏನು ಕಾರಣ?' ಹಳೇ ಪತ್ರಿಕೆಗಳಲ್ಲಿ ಅಕ್ಕನ ವಯಸ್ಸು ವರ್ಷಕ್ಕೊಂದರಂತೆ ಏರುತ್ತ ಬಂದಿತ್ತು, ಅದನ್ನೇ ಸಾಧನ ಮುಂದುವರಿಸಿತ್ತು. ಅವಳು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದಳು.

ಮರುದಿನ ಭಾನುವಾರ. ಊಟವಾಗಿ ಅಮ್ಮ ಮಂಚದ ಮೇಲೆ ಕೂತು, ಒಗೆದ ಬಟ್ಟೆ ಮಡಿಸುತ್ತಿದ್ದಳು. ಕಿಟಕಿಯಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹಂತಮ್ಮ ಊಟದ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪಿನಲ್ಲಿ ಎರಡನೇ ಪತ್ರಿಕೆ ತೆಗೆದಳು. ಉತ್ತರ ಸೂಚಿ ನೋಡಲು ಧೈರ್ಯವಿರಲಿಲ್ಲ. ಅದಕ್ಕಿಂತ, ಇನ್ನೊಬ್ಬರು ಬಿಡಿಸಿದ್ದನ್ನು ನೋಡುವುದು ಅವಳ ಜಾಯಮಾನವೂ ಅಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು, ಪೆನ್ಸಿಲ್ ಹಿಡಿದಳು. ಏಳನೇ ತರಗತಿಯ ಲೆಕ್ಕ, ಅವಳ ವಿದ್ಯಾರ್ಥಿಗಳು ಮೂರು ನಿಮಿಷದಲ್ಲಿ ಬಿಡಿಸುವಂಥದ್ದು.

ತೊಟ್ಟಿ ತುಂಬಲು ಮೂರು ಸಾವಿರ ಲೀಟರ್ ನೀರು ಬೇಕು. ನಲ್ಲಿಯಿಂದ ನಿಮಿಷಕ್ಕೆ ಇಪ್ಪತ್ತು ಲೀಟರ್. ಮೂವತ್ತು ನಿಮಿಷಕ್ಕೆ ಆರುನೂರು.

ಪೆನ್ಸಿಲ್ ನಿಂತಿತು. ಆರುನೂರು ಲೀಟರ್ ಎಂದರೆ ಆ ತೊಟ್ಟಿಯಲ್ಲಿ ಮೂವತ್ತು ಸೆಂಟಿಮೀಟರ್ ನೀರು. ತಂಗಿಯ ಮೊಣಕಾಲಿನ ಮಟ್ಟ. ಗುಣಾಕಾರ ಮತ್ತೆ ಮಾಡಿದಳು. ಬಕೆಟ್ಟಿನ ಲೆಕ್ಕ ಮತ್ತೆ ಮಾಡಿದಳು. ಆ ಬಕೆಟ್ ತುಂಬುವಾಗ ದಿನಾ ಮೂವತ್ತರವರೆಗೆ ಎಣಿಸುತ್ತಿದ್ದದ್ದು ಅವಳೇ, ತಪ್ಪುವ ಮಾತೇ ಇಲ್ಲ. ತೊಟ್ಟಿ ಖಾಲಿಯಿದ್ದು, ಅವಳು ತಿರುಗಿಸಿದ ನಲ್ಲಿಯೇ ಅದನ್ನು ತುಂಬಿಸಬೇಕಿದ್ದರೆ ಎರಡೂವರೆ ಗಂಟೆ ಬೇಕಿತ್ತು. ಅದು ಅರ್ಧ ಗಂಟೆಯಲ್ಲಿ ಉಕ್ಕಿ ಹರಿಯಿತು ಅಂದರೆ, ಅವಳು ನಲ್ಲಿ ಮುಟ್ಟುವ ಮೊದಲೇ ಅದರಲ್ಲಿ ಕನಿಷ್ಠ ಎರಡು ಸಾವಿರದ ನಾನೂರು ಲೀಟರ್ ಇತ್ತು. ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಆಳ. ತಂಗಿಯ ತಲೆ ಮುಳುಗಿ, ಮೇಲೆ ಇನ್ನೂ ಹತ್ತು ಸೆಂಟಿಮೀಟರ್.

ಅವತ್ತು ತೊಟ್ಟಿ ತೊಳೆದೇ ಇರಲಿಲ್ಲ. ಖಾಲಿಯೂ ಇರಲಿಲ್ಲ. ತುಂಬಿದ ತೊಟ್ಟಿಯ ಮುಚ್ಚಳವನ್ನು ಯಾರೋ ತೆಗೆದು ಹಾಗೇ ಬಿಟ್ಟಿದ್ದರು. ಅವಳು ನಲ್ಲಿ ತಿರುಗಿಸಿದ್ದರೂ ಒಂದೇ, ತಿರುಗಿಸದಿದ್ದರೂ ಒಂದೇ, ಗೆಳತಿಯ ಮನೆಗೆ ಹೋಗಿದ್ದರೂ ಒಂದೇ. ನಲವತ್ತಮೂರು ವರ್ಷ. ಅವಳಿಗೆ ಅಳು ಬರಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಹಾಳೆ ಎತ್ತಿಕೊಂಡು ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ಅವತ್ತು ತೊಟ್ಟೀಲಿ ನೀರಿತ್ತಾ?"

ಯಾವತ್ತು, ಯಾವ ತೊಟ್ಟಿ ಎಂದು ಅಮ್ಮ ಕೇಳಲಿಲ್ಲ. ಮಡಿಸುತ್ತಿದ್ದ ಟವೆಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಮೆಟ್ಟಿಲಲ್ಲಿ ಯಾರೋ ಹತ್ತಿ ಹೋದರು, ಮೇಲಿನ ಮನೆಯ ಬಾಗಿಲು ತೆರೆದು ಮುಚ್ಚಿತು. ಅಮ್ಮನ ಮುಖದಲ್ಲಿ ಗಾಬರಿಯಿಲ್ಲ, ಅಚ್ಚರಿಯಿಲ್ಲ. ಎಷ್ಟೋ ಹೊತ್ತು ನಿಂತು ಸುಸ್ತಾದವಳಿಗೆ ಕೊನೆಗೂ ಬಸ್ಸು ಬಂದ ಹಾಗಿತ್ತು ಆ ಮುಖ.

"ಇತ್ತು," ಎಂದಳು ಅಮ್ಮ. "ಒಂದು ಕೊಡ ನೀರು ತಗೊಂಡೆ, ಮುಚ್ಚಳ ಹಾಕೋದು ಮರೆತೆ. ಒಳಗೆ ಬಂದು ಮಲಗಿಬಿಟ್ಟೆ."

ಮಗಳು ಹಾಳೆಯನ್ನು ಹಿಡಿದೇ ನಿಂತಿದ್ದಳು. ಹಾಗಾದರೆ ನನ್ನ ಹೆಸರು ಯಾಕೆ ಹೇಳಿದೆ ಎಂದು ಕೇಳಬೇಕೆಂದಿದ್ದಳು. ಅಮ್ಮ ಕೇಳಿಸಿಕೊಂಡವಳ ಹಾಗೆ ತಾನೇ ಮುಂದುವರಿದಳು.

"ನಾನು ಅಂತ ಗೊತ್ತಾಗಿದ್ರೆ ನಿಮ್ಮಪ್ಪ ನನ್ನ ಮನೇಲಿ ಇಟ್ಕೋತಿರಲಿಲ್ಲ ಕಣೇ. ನೀನು ಹನ್ನೊಂದು ವರ್ಷದ ಮಗು. ಮಗೂನ ಯಾರು ಹೊರಗೆ ಹಾಕ್ತಾರೆ? ನಾಲ್ಕು ದಿನ ಬೈದು ಸುಮ್ಮನಾಗ್ತಾರೆ, ನೀನೂ ಮರೀತೀಯ ಅಂದ್ಕೊಂಡೆ."

ಬಿಸಿಲು ಮಂಚದಿಂದ ನೆಲಕ್ಕೆ ಸರಿದಿತ್ತು. ಅಮ್ಮ ಕೈಚಾಚಿ ಹಾಳೆ ಕೇಳಿದಳು. ಅಕ್ಷರ ಕಾಣದ ಕಣ್ಣಿಗೆ ಅದನ್ನು ಹತ್ತಿರ ಹಿಡಿದು, ಅಂಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಮಗಳ ಮುಖವನ್ನು ನೇರವಾಗಿ ನೋಡಿದಳು.

"ನೀನು ಲೆಕ್ಕದ ಟೀಚರ್ ಆದಾಗಿಂದ ಪ್ರತಿ ದಿನ ಹೆದರಿಕೊಂಡು ಕೂತಿದ್ದೀನಿ, ಇವತ್ತು ಲೆಕ್ಕ ಹಾಕ್ತಾಳೆ, ನಾಳೆ ಹಾಕ್ತಾಳೆ ಅಂತ. ಇಷ್ಟು ವರ್ಷ ಯಾಕೆ ಹಾಕಲಿಲ್ಲ ನೀನು?"