ಮಾಸ್ಕೋದಲ್ಲಿ ಸೌಟು ಕೆಳಗಿಟ್ಟ ಮಲ್ಲಿಕಾಂಬ

ಕಡೂರಿನ ರೈಲು ನಿಲ್ದಾಣದಲ್ಲಿ ತೀರ್ಥಮ್ಮ ಮಗಳು ಮಲ್ಲಿಕಾಂಬನ ಕೈಗೆ ಹುರಿಹಿಟ್ಟಿನ ಡಬ್ಬಿ ಕೊಟ್ಟು ಹೇಳಿದ್ದು ಒಂದೇ ಮಾತು.

"ಏನಾದ್ರೂ ಮಾಡು, ನಪಾಸಾಗಿ ಮಾತ್ರ ಬರ್ಬೇಡ ಕಣೇ. ಬಂದ್ಯೋ, ನಿಮ್ಮಾವ ಬಿಡಲ್ಲ."

ಆ ಮಾವ, ತೀರ್ಥಮ್ಮನ ತಮ್ಮ ಈರಭದ್ರಪ್ಪ, ಅಲ್ಲೇ ಟೀ ಕುಡಿಯುತ್ತ ನಿಂತಿದ್ದ. ಹಿರೇನಲ್ಲೂರಿನಲ್ಲಿ ಅವನು ಅವಳಿಗೆ ಗಂಡು ನೋಡಿಟ್ಟಾಗಿತ್ತು. ಒಂದು ವಾರದಲ್ಲಿ ತನ್ನೂರು ಯಗಟಿಯ ಅರ್ಧ ಕುರಿಮಂದೆ ಸತ್ತದ್ದನ್ನು ಕಂಡ ಮೇಲೆ ಮಲ್ಲಿಕಾಂಬ ಪಶುವೈದ್ಯ ಓದುತ್ತೇನೆಂದು ಹಟ ಹಿಡಿದಿದ್ದಳು. ಬಿ.ಎಸ್ಸಿ. ಮುಗಿಸಿ ಅರ್ಜಿ ಹಾಕಿದವಳಿಗೆ ಮಾಸ್ಕೋದ ವಿದ್ಯಾರ್ಥಿವೇತನವೇ ಸಿಕ್ಕಿತ್ತು. ಆದರೆ ಮೊದಲ ವರ್ಷ ಬರೀ ರಷ್ಯನ್ ಭಾಷೆ. ಜೂನ್ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ಐದು ವರ್ಷದ ಓದು, ಇಲ್ಲದಿದ್ದರೆ ವಾಪಸ್ ಟಿಕೆಟ್ಟು.

"ಅದೇನ್ ಹುಡುಗಾಟದ ಭಾಷೇನಾ? ಬರೋ ಶ್ರಾವಣಕ್ಕೇ ಲಗ್ನ ಇಟ್ಕಳಣ ಬಿಡಕ್ಕ," ಎಂದು ಈರಭದ್ರಪ್ಪ ನಕ್ಕಿದ್ದ. ಅದು ೧೯೭೭ರ ಆಗಸ್ಟ್.

ಮಾಸ್ಕೋ ಅವಳನ್ನು ಮೊದಲು ಹೆದರಿಸಿದ್ದು ನೆಲದೊಳಗಿನ ರೈಲಿನ ಓಡುವ ಮೆಟ್ಟಿಲಿನಲ್ಲಿ. ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತು ನಿಮಿಷ ನಿಂತಳು. ಕೊನೆಗೆ, ಓಡುವ ಬಸ್ಸಿಗೆ ಹತ್ತುವ ಯಗಟಿಯವರನ್ನು ನೆನೆದು ಕಾಲಿಟ್ಟಳು. ಒಂದು ತಿಂಗಳಿಗೆ ಊರು ಪಳಗಿತು. ಅಂಗಡಿ ಮುಂದೆ ಸಾಲು ಕಂಡರೆ ಮೊದಲು ನಿಂತು, ಏನು ಮಾರುತ್ತಾರೆಂದು ಆಮೇಲೆ ಕೇಳುವುದನ್ನೂ ಕಲಿತಳು.

ಹಾಸ್ಟೆಲಿನಲ್ಲಿ ಮಹಡಿಗೊಂದು ಅಡುಗೆಮನೆ. ಅದನ್ನು ಯಾರು ಯಾವ ದಿನ ಗುಡಿಸಿ ಒರೆಸಬೇಕೆಂದು ಗೋಡೆಯ ಮೇಲೆ ಪಟ್ಟಿ. ರಷ್ಯನ್ ಅಕ್ಷರದಲ್ಲಿ ಅವಳು ಕೂಡಿಸಿಕೊಂಡು ಓದಿದ ಮೊದಲ ಹೆಸರು ಅಲ್ಲಿನದೇ: ಸೋಮಶೇಖರಪ್ಪ, ಬುಧವಾರ. ಅಡುಗೆಮನೆಯ ಕೆಲಸಕ್ಕೆ ಗಂಡಸಿನ ಹೆಸರು! ಅವಳು ಎರಡು ಸಲ ಓದಿದಳು.

ಆ ಸೋಮಶೇಖರಪ್ಪ ತರೀಕೆರೆಯ ಅಂಗಡಿ ಮನೆತನದವನು, ಇಂಜಿನಿಯರಿಂಗ್ ಓದಲು ಬಂದವನು, ಅವಳಿಗಿಂತ ಎರಡು ವರ್ಷ ಚಿಕ್ಕವನು. ಬುಧವಾರ ಬಂದರೆ ಅವನ ಪತ್ತೆ ಇರುತ್ತಿರಲಿಲ್ಲ. ಕೊಳಕು ಒಲೆಯ ಮುಂದೆ ಅಡುಗೆಗೆ ನಿಲ್ಲಲು ಮಲ್ಲಿಕಾಂಬನಿಗೆ ಮನಸ್ಸಾಗದು, ಅವಳೇ ಉಜ್ಜುತ್ತಿದ್ದಳು. ಕ್ಯಾಂಟೀನಿನಲ್ಲಿ ಮಾಂಸವೇ ಹೆಚ್ಚು. ಅವಳು ಊರಿನ ಸಾರಿನ ಪುಡಿ ಹಾಕಿ ಎಲೆಕೋಸಿನ ಸಾರು ಕುದಿಸಿದ ದಿನ ಅವನು ವಾಸನೆ ಹಿಡಿದು ಬಂದ.

"ಅಕ್ಕ, ನಮ್ ಕಡೆಯೋರು ಅಂತ ನೀನೊಬ್ಳೇ ಇರೋದು ಇಲ್ಲಿ. ಒಂದ್ ತುತ್ತು ಹಾಕು."

ಆ ತುತ್ತು ದಿನದ ಊಟವಾಯಿತು. ಅವನ ಹಿಂದೆ ಬಿಹಾರದ ಮೂವರು ಹುಡುಗರೂ ಬಂದರು. ನವೆಂಬರ್ ಹೊತ್ತಿಗೆ ಅವಳು ಐದು ಜನಕ್ಕೆ ಬೇಯಿಸುತ್ತಿದ್ದಳು. ಆಲೂಗಡ್ಡೆಗೆ ಸಾಲಿನಲ್ಲಿ ನಿಲ್ಲುವವಳೂ ಅವಳೇ, ಪಾತ್ರೆ ತಿಕ್ಕುವವಳೂ ಅವಳೇ. ಯಾರೂ ಬಲವಂತ ಮಾಡಿರಲಿಲ್ಲ. ಹಸಿದವರ ಮುಂದೆ ಒಬ್ಬಳೇ ಉಣ್ಣುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ.

ಜನವರಿಯ ಪರೀಕ್ಷೆಯಲ್ಲಿ ಅವಳಿಗೆ ಐದಕ್ಕೆ ಎರಡು ಬಂತು. ಎರಡೆಂದರೆ ನಪಾಸು.

"ನಿನಗೆ ತಲೆ ಇದೆ," ಎಂದರು ಅಧ್ಯಾಪಕಿ ನೀನಾ ಪೆಟ್ರೋವ್ನಾ, ಅವಳಿಗೆ ತಿಳಿಯುವಂತೆ ನಿಧಾನವಾಗಿ. "ಸಮಯ ಇಲ್ಲ. ಅದು ಎಲ್ಲಿ ಹೋಗುತ್ತದೆ?"

ಎಲ್ಲಿ ಹೋಗುತ್ತದೆಂದು ಅಂದು ಸಂಜೆ ಅವಳು ಕಣ್ಣಾರೆ ಕಂಡಳು. ಸೋಮಶೇಖರಪ್ಪ ಉಂಡು ಮುಗಿಸಿ, ತಟ್ಟೆಗೆ ನೀರು ಹಾಕಿ, ಬೆರಳಿಂದ ತೊಳೆದು, ಒಂದಗುಳೂ ಬಿಡದೆ ಆ ನೀರು ಕುಡಿದ. ಭಕ್ತಿಯಿಂದ ತಟ್ಟೆಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಅದನ್ನು ಮುಸುರೆಯ ರಾಶಿಗೆ ತಳ್ಳಿದ.

"ಅದೇನೋ, ತೊಳೆದು ಕುಡಿದಿದ್ದು?" ಎಂದಳು ಮಲ್ಲಿಕಾಂಬ.

"ಪ್ರಸಾದ ಕಣಕ್ಕ. ಬಿಡಬಾರ್ದು. ನಿಮ್ಮನೇಲಿ ಮಾಡಲ್ವಾ?"

"ಮಾಡ್ತಾರೆ. ನಮ್ಮಪ್ಪಾನೂ ಮಾಡ್ತಾನೆ. ಕುಡಿಯೋ ತನಕ ಪ್ರಸಾದ, ಕೆಳಗಿಟ್ಟ ಮೇಲೆ ನಮ್ಮವ್ವನ ಮುಸುರೆ. ಅಷ್ಟು ತೊಳೆದೋನಿಗೆ ಇನ್ನೊಂದ್ ಚೊಂಬು ನೀರು ಹಾಕಿ ಅತ್ಲಾಗೆ ಬೋರಲಿಡಕ್ಕೆ ಏನಾಗಿತ್ತು?"

"ಹೆಣ್ಮಕ್ಳು ಮಾಡ್ದಂಗೆ ನಮ್ ಕೈಲಾಗುತ್ತಾ ಅಕ್ಕ?"

"ಸೇತುವೆ ಕಟ್ಟಕ್ಕಾಗುತ್ತೆ, ಆಲೂಗಡ್ಡೆ ಸಿಪ್ಪೆ ತೆಗೆಯಕ್ಕಾಗಲ್ವಾ?" ಅವಳು ಸೌಟು ಕೆಳಗಿಟ್ಟಳು. "ನಾಳೆಯಿಂದ ನಾನು ಒಬ್ಬಳಿಗೆ ಬೇಯಿಸ್ಕಳೋದು. ಕಲಿಯೋರು ಭಾನುವಾರ ಬನ್ನಿ, ಹೇಳ್ಕೊಡ್ತೀನಿ."

ಕನ್ನಡ ತಿಳಿಯದ ಬಿಹಾರದವರು ದನಿ ಕೇಳಿಯೇ ತಟ್ಟೆ ಹಿಡಿದು ಎದ್ದರು.

ಮಾತು ಸುಲಭವಾಗಿತ್ತು, ಮರುದಿನ ಕಷ್ಟವಾಯಿತು. ನಾಲ್ವರೂ ಒಣ ಬ್ರೆಡ್ಡು ಕಚ್ಚುವುದನ್ನು ಕಂಡು ಅವಳ ಕೈ ತಾನಾಗಿ ದೊಡ್ಡ ಪಾತ್ರೆಯತ್ತ ಹೋಯಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು, ಪುಸ್ತಕ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡಳು. ಯಗಟಿಯಿಂದ ಮಾಸ್ಕೋಗೆ ಬಂದದ್ದಕ್ಕಿಂತ ದೂರದ ಪಯಣ ಅದು, ಒಲೆಯಿಂದ ಬಾಗಿಲ ತನಕ.

ಭಾನುವಾರ ಸೋಮಶೇಖರಪ್ಪ ಒಬ್ಬನೇ ಬಂದ, ಮುಖ ಊದಿಸಿಕೊಂಡು. "ಹೇಳ್ಕೊಡಿ ಡಾಕ್ಟ್ರಮ್ಮ," ಎಂದು ಕುಟುಕಿದ. ಎರಡು ಪಾತ್ರೆ ತಳ ಹಿಡಿಸಿದ ಮೇಲೆ ಅವನ ಅನ್ನ ಅನ್ನದಂತಾಯಿತು. ಏಪ್ರಿಲ್ ಹೊತ್ತಿಗೆ ಬಿಹಾರದವರಿಗೆ ಅವನೇ ಸಾರು ಕಲಿಸುತ್ತಿದ್ದ. ಡಾಕ್ಟ್ರಮ್ಮ ಎಂಬ ಮಾತಿನ ಕುಟುಕು ಯಾವಾಗಲೋ ಉದುರಿಹೋಗಿತ್ತು. ಮಲ್ಲಿಕಾಂಬನಿಗೆ ದಿನಕ್ಕೆ ನಾಲ್ಕು ಗಂಟೆ ಓದು ಸಿಕ್ಕಿತು; ಅವಳು ಅದರ ಒಂದು ನಿಮಿಷವನ್ನೂ ಚೆಲ್ಲಲಿಲ್ಲ.

ಜೂನಿನಲ್ಲಿ ಬಾಯಿ ಪರೀಕ್ಷೆ. ಮೇಜಿನ ಮೇಲೆ ಬೋರಲಾಗಿದ್ದ ಚೀಟಿಗಳಲ್ಲಿ ಒಂದನ್ನು ಎತ್ತಬೇಕು, ಬಂದ ವಿಷಯದ ಮೇಲೆ ಮಾತಾಡಬೇಕು. ಅವಳಿಗೆ ಬಂದದ್ದು 'ನನ್ನ ತಾಯಿಯ ಒಂದು ದಿನ'.

ಅವಳು ಬೆಳಗಿನ ನಾಲ್ಕು ಗಂಟೆಯಿಂದ ಶುರುಮಾಡಿದಳು. ಸಗಣಿ ಬಾಚುತ್ತಾಳೆ, ನೀರು ಸೇದುತ್ತಾಳೆ, ರಾಗಿ ಬೀಸುತ್ತಾಳೆ, ಹೊಲಕ್ಕೆ ಬುತ್ತಿ ಹೊರುತ್ತಾಳೆ. ವ್ಯಾಕರಣ ಅಲ್ಲಲ್ಲಿ ಕುಂಟಿತು, ಅವ್ವನ ಕೆಲಸ ಮುಗಿಯಲಿಲ್ಲ. ಮೂವರು ಪರೀಕ್ಷಕಿಯರಲ್ಲಿ ಹಿರಿಯಳ ಕಾಲ ಬಳಿ ಸಂಜೆಯ ಅಡುಗೆಗೆ ಕೊಂಡ ತರಕಾರಿಯ ಚೀಲವಿತ್ತು. ಆ ಹಿರಿಯಳು ಅಂಕ ಬರೆಯುವುದನ್ನು ನಿಲ್ಲಿಸಿ ಕೇಳಿದಳು.

"ಅವಳಿಗೆ ಕಾಯಿಲೆಯಾದರೆ ಯಾರು ಮಾಡುತ್ತಾರೆ?"

"ನಾನು," ಎಂದಳು ಮಲ್ಲಿಕಾಂಬ. ಮತ್ತೆ, "ಈಗ ಯಾರೂ ಇಲ್ಲ. ಆದರೂ ಕಳಿಸಿದಳು," ಎಂದಳು.

ಐದಕ್ಕೆ ನಾಲ್ಕು ಬಂತು.

ಪಾಸಾದ ಸುದ್ದಿಯ ಕಾಗದಕ್ಕೆ ಉತ್ತರ ಬರೆದದ್ದು ಮಲ್ಲಿಕಾಂಬನ ತಮ್ಮ. ಅವ್ವ ಮೂರು ಸಲ ಓದಿಸಿಕೊಂಡಳಂತೆ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಜಗಲಿಯಲ್ಲಿ ಕೂತಿದ್ದ ಈರಭದ್ರಪ್ಪನ ಮುಂದೆ ಬಂದು ನಿಂತಳಂತೆ.

"ಹಿರೇನಲ್ಲೂರಿನೋರಿಗೆ ಬೇರೆ ಕಡೆ ಹೆಣ್ಣು ನೋಡ್ಕಳಕ್ಕೆ ಹೇಳ್ಬಿಡು ಕಣೋ. ನಮ್ ಹುಡುಗಿಗೆ ಪುರಸೊತ್ತಿಲ್ಲ."