ಸೆರಗಿಗೆ ಬಂದ ಏಡಿಗಳು

ಮಗಳ ನಿಶ್ಚಿತಾರ್ಥದ ಸೀರೆಗೆ ನಾನೇ ಕಸೂತಿ ಹಾಕುತ್ತೇನೆಂದು ಮನೆಯವರೆಲ್ಲರ ಮುಂದೆ ಹೇಳಿಬಿಟ್ಟಿದ್ದೆ. ಸೀರೆಯೂ ಬಂತು. ಬದನೆಕಾಯಿ ಬಣ್ಣದ, ಒಂದು ಗೆರೆಯೂ ಇಲ್ಲದ ಪ್ಲೇನ್ ರೇಷ್ಮೆ. ತುಮಕೂರಿನಲ್ಲಿ ಕೆಲಸದಲ್ಲಿರುವ ಮಗಳು ಫೋನಿನಲ್ಲೇ ಷರತ್ತು ಹಾಕಿದಳು.

"ಅಮ್ಮಾ, ನವಿಲು ಬೇಡ, ಮಾವಿನಕಾಯಿ ಬೇಡ. ನಿಮ್ಮ ಕಾನ್ವೆಂಟ್ ಸಿಸ್ಟರ್ ಕಲಿಸಿದ ಗುಲಾಬಿ ಗೊಂಚಲಂತೂ ಬೇಡವೇ ಬೇಡ. ನಿಂದೇ ಅಂತ ಏನಾದ್ರೂ ಹಾಕು."

ಅವಳಿಗೆ ಅದು ಸಣ್ಣ ಮಾತು. ನನಗೆ ನಿದ್ದೆ ಕೆಡಿಸಿತು. ಕಾನ್ವೆಂಟಿನಲ್ಲಿ ಮೊದಲು ಟ್ರೇಸಿಂಗ್ ಪೇಪರು, ಆಮೇಲೆ ಕಾರ್ಬನ್ನು, ಕೊನೆಗೆ ಸೂಜಿ ಎಂದು ಕಲಿತವಳು ನಾನು. ಎಲ್ಲ ಹೊಲಿಗೆಯೂ ಬೆರಳಿಗೆ ಗೊತ್ತು. ಆದರೆ ಇಷ್ಟು ವರ್ಷ ಹಾಕಿದ ಹೂವೆಲ್ಲ ಯಾರದೋ ಪುಸ್ತಕದ ಹೂವು. ಮಧುಗಿರಿಯಲ್ಲಿ ನಮ್ಮ ಅಡುಗೆಮನೆ ಕಿಟಕಿಗೆ ಕಾಣುವ ಬೆಟ್ಟವನ್ನೇ ಕಾಗದದ ಮೇಲೆ ಬರೆದು ನೋಡಿದೆ. ಅತ್ತೆ ಕನ್ನಡಕ ಏರಿಸಿಕೊಂಡು, "ಇದೇನಮ್ಮ, ಸೀರೆ ಮ್ಯಾಲೆ ಆನೆ ಮಲಗೈತೆ?" ಅಂದರು. ಕಾಗದ ಮಡಚಿಟ್ಟೆ.

ಅಷ್ಟರಲ್ಲಿ ಪಾವಗಡದ ಗೆಳತಿಯ ಫೋನು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಮದುವೆಯಾಗಿ ಹೊನ್ನಾವರ ಸೇರಿ ಎಷ್ಟೋ ಕಾಲವಾಯಿತು, ಬಾಯಿಂದ ತೆಲುಗು ಮಾತ್ರ ಹೋಗಿಲ್ಲ. "ಏಮೇ, ಮಗಳನ್ನ ಕೊಟ್ಮೇಲೆ ನಿಂಗೆ ಪುರುಸೊತ್ತು ಸಿಗುತ್ತಾ? ಈಗಲೇ ಬಂದ್ಬುಡು. ಶಿರಾದವಳನ್ನೂ ಎಳ್ಕೊಂಡು ಬಾ."

ಶಿರಾದವಳು ನಮ್ಮ ಹಾಸ್ಟೆಲ್ ಗುಂಪಿನ ಮೂರನೆಯವಳು. ಹುರಿದ ಕಡಲೆಕಾಯಿಯ ದೊಡ್ಡ ಚೀಲ ಹಿಡಿದು ಬಸ್ಸು ಹತ್ತಿದಳು. ಘಟ್ಟ ಇಳಿಯುವ ಹೊತ್ತಿಗೆ ಕಂಡಕ್ಟರ್ ಸೇರಿ ಅರ್ಧ ಬಸ್ಸು ಸಿಪ್ಪೆ ಬಿಡಿಸುತ್ತಿತ್ತು. ಸೀರೆಯನ್ನು ಮನೆಯಲ್ಲಿ ಬಿಟ್ಟಿದ್ದೆ. ಆದರೆ ಸೂಜಿ, ದಾರ, ಕಸೂತಿಯ ರಿಂಗು ಬ್ಯಾಗಿನಲ್ಲಿದ್ದವು. ಅವಿಲ್ಲದೆ ನಾನು ಆಸ್ಪತ್ರೆಗೂ ಹೋದವಳಲ್ಲ.

ಮರುದಿನ ಬೆಳಿಗ್ಗೆ ಗೆಳತಿ ನಮ್ಮನ್ನು ಕಡಲ ದಡಕ್ಕೆ ಕರೆದೊಯ್ದಳು. ನೀರು ಹಿಂದೆ ಸರಿದಿತ್ತು. ಒದ್ದೆ ಮರಳು ಸಾರಿಸಿದ ಅಂಗಳದಂತಿತ್ತು. ಆ ಅಂಗಳದ ತುಂಬ ಸಾಸಿವೆಯಷ್ಟು, ತೊಗರಿಬೇಳೆಯಷ್ಟು ಪುಟ್ಟ ಪುಟ್ಟ ಮರಳಿನ ಉಂಡೆಗಳು, ನಡುವಿನಿಂದ ಹೊರಟು ಸುತ್ತಲೂ ಎಳೆ ಎಳೆಯಾಗಿ ಹರಡಿದ್ದವು. ಒಂದರ ಪಕ್ಕ ಇನ್ನೊಂದು, ಕಣ್ಣು ಹಾಯುವಷ್ಟು ದೂರ.

"ಅರೆ, ಯಾರೋ ಆಗಲೇ ರಂಗೋಲಿ ಬಿಟ್ಟವ್ರೆ! ತುಳೀಬೇಡ್ವೇ," ಎಂದಳು ಶಿರಾದವಳು.

ನಾನು ಸೀರೆ ಎತ್ತಿ ಹಿಡಿದು ಬದಿಯಲ್ಲಿ ನಡೆದೆ. ಅವಳು ನನ್ನ ಹಿಂದೆ ತುದಿಗಾಲಲ್ಲಿ. ಇಷ್ಟು ಬೆಳಿಗ್ಗೆ ಇಷ್ಟು ಜಾಗಕ್ಕೆ ಎಷ್ಟು ಹೆಂಗಸರು ಕೂತು ಹಾಕಿದರೋ, ಏನು ಪೂಜೆಯೋ ಎಂದು ನಾವಿಬ್ಬರೂ ಮೆಲ್ಲಗೆ ಮಾತಾಡಿಕೊಂಡೆವು. ಹಿಂದಿರುಗಿ ನೋಡಿದರೆ ಪಾವಗಡದವಳು ಹೊಟ್ಟೆ ಹಿಡಿದುಕೊಂಡು ಮರಳಿನ ಮೇಲೆ ಕೂತೇಬಿಟ್ಟಿದ್ದಾಳೆ.

"ಏಡಿ ಕಣ್ರೇ! ಪುಟ್ಟೇಡಿ! ಮರಳು ಬಾಯಿಗೆ ಹಾಕ್ಕೊಂಡು, ಅದ್ರಲ್ಲಿರೋದು ತಿಂದು, ಉಳಿದಿದ್ದು ಉಂಡೆ ಮಾಡಿ ಎಸೀತವೆ. ಅದರ ಎಂಜಲಿಗೆ ಕಾಲು ಎತ್ತೆತ್ತಿ ನಡೀತವ್ರೆ ಮಹರಾಯ್ತೀರು!"

ಸದ್ದು ಮಾಡದೆ ಕುಳಿತೆವು. ತೂತಿನಿಂದ ಕಡಲೆಕಾಳಿನಷ್ಟೇ ಇರುವ ಒಂದು ಜೀವ ಹೊರಬಂತು.

"ಇಷ್ಟೇನಾ? ಇದ್ರಲ್ಲಿ ಸಾರು ಹೆಂಗೆ ಮಾಡೋದು?" ಎಂದು ಶಿರಾದವಳು ಪಿಸುಗುಟ್ಟಿದಳು.

"ನಿನ್ನ ಕಣ್ಣು ಯಾವತ್ತೂ ತಟ್ಟೆ ಮೇಲೇನೇ."

ಅವರಿಬ್ಬರ ಜಗಳ ನನ್ನ ಕಿವಿಗೆ ದೂರದಲ್ಲಿತ್ತು. ನಾನು ಏಡಿಯನ್ನೇ ನೋಡುತ್ತಿದ್ದೆ. ಅದು ಮೊದಲು ಏನನ್ನೂ ಅಳೆಯಲಿಲ್ಲ. ಮನೆ ಬಾಗಿಲಿನಿಂದ ಶುರು ಮಾಡಿ, ತಿನ್ನುತ್ತಾ, ಉಂಡೆ ಕಟ್ಟುತ್ತಾ ಹೊರಗೆ ಸರಿಯಿತು. ಕಪ್ಪೆಚಿಪ್ಪು ಅಡ್ಡ ಬಂದಾಗ ಸಾಲು ಅಲ್ಲೇ ಬಾಗಿತು. ಬಾಗಿಲಿಗೆ ಓಡಿ ಹೋಗಲು ಒಂದು ಕಿರುದಾರಿಯನ್ನು ಮಾತ್ರ ಖಾಲಿ ಬಿಟ್ಟುಕೊಂಡಿತ್ತು. ನಾನು ಕೆಮ್ಮಿದ್ದೇ ತಡ, ಆ ದಾರಿಯಲ್ಲೇ ಓಡಿ ಮಾಯ. ನನ್ನ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ತಾವೇ ದಾರ ಸುತ್ತುತ್ತಿದ್ದವು. ಸೂಜಿಗೆ ದಾರ ಸುತ್ತಿ ಎಳೆದರೆ ಬಟ್ಟೆಯ ಮೇಲೆ ಕೂರುವ ಪುಟ್ಟ ಗಂಟು, ನಾವು ಫ್ರೆಂಚ್ ನಾಟ್ ಅನ್ನುತ್ತಿದ್ದದ್ದು, ಥೇಟ್ ಆ ಮರಳಿನ ಉಂಡೆಯೇ.

ಮನೆಗೆ ಬಂದವಳೇ ಗೆಳತಿಯ ಹಳೆಯ ದಿಂಬಿನ ಕವರು ಕೇಳಿ ರಿಂಗಿಗೆ ಸಿಕ್ಕಿಸಿದೆ.

"ಬರ್ಕೊಳ್ಳಲ್ವೇನೇ ಮೊದ್ಲು?"

"ಇಲ್ಲ ಕಣೇ," ಎಂದೆ. ಹೇಳುವಾಗ ಎದೆ ಹಗುರಾಗಿ, ನಗು ಬಂದುಬಿಟ್ಟಿತು. ಮಧ್ಯಾಹ್ನದ ಊಟಕ್ಕೆ ಅವರು ನನ್ನನ್ನು ಎರಡು ಸಲ ಕೂಗಬೇಕಾಯಿತು.

ಊರಿಗೆ ಬಂದು ಸೀರೆ ಬಿಡಿಸಿದೆ. ಹೊಸ ರೇಷ್ಮೆಗೆ ಅಲ್ಲಲ್ಲಿ ಏಡಿಯ ಮನೆಯಂಥ ಪುಟ್ಟ ತೂತು ಹಾಕಿದೆ. ತೂತಿನ ಸುತ್ತ ಕಾಜಾ ಹೊಲಿಗೆ, ಅಲ್ಲಿಂದ ಹೊರಗೆ ಹಾಲುಬಣ್ಣದ ಗಂಟುಗಳು. ಒಂದು ಎಡಕ್ಕೆ ಬಾಗಿತು, ಒಂದು ಬೀಸಣಿಗೆಯಂತೆ ಅಗಲವಾಯಿತು. ಹೀಗೆ ಸೆರಗು ತುಂಬಿತು. ಅತ್ತೆ ಬೆರಳಾಡಿಸಿ, "ಏನಮ್ಮ ಇದು?" ಎಂದರು. ಮೊಟ್ಟೆಯ ಹೆಸರನ್ನೂ ಒಳಗೆ ತರದ ಮನೆ ನಮ್ಮದು. ಮಂಗಳಕಾರ್ಯದ ಸೀರೆಯ ಮೇಲೆ ಏಡಿ ಎನ್ನಲು ಧೈರ್ಯ ಬರಲಿಲ್ಲ. "ಚುಕ್ಕಿ ಅತ್ತೆ, ಆಕಾಶದ್ದು," ಅಂದೆ. ಮಗಳು ಬಂದು ಸೀರೆ ಹೊದ್ದು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿ, "ಇದೆಲ್ಲಿ ನೋಡಿದ್ದೆ ಅಮ್ಮಾ?" ಎಂದಾಗಲೂ, "ಶಾಸ್ತ್ರ ಮುಗೀಲಿ, ಹೇಳ್ತೀನಿ," ಎಂದು ಜಾರಿಕೊಂಡೆ.

ನಿಶ್ಚಿತಾರ್ಥಕ್ಕೆ ಕೊರಟಗೆರೆಯಿಂದ ಗಂಡಿನ ಕಡೆಯವರು ಬಂದರು. ತಾಂಬೂಲ ಬದಲಾಯಿಸಿ ಎಲ್ಲರೂ ಸುಮ್ಮನೆ ಕುಳಿತ ಗಳಿಗೆಯಲ್ಲೇ ಶಿರಾದವಳು ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಮಗಳನ್ನು ಕಂಡವಳೇ, "ಅರೆ ವಾಹ್! ಏಡಿಗಳು ಏನ್ ಚೆನ್ನಾಗಿ ಬಂದವೆ ಕಣೇ!" ಎಂದಳು.

ನಾನು ಪಾನಕದ ತಟ್ಟೆಯನ್ನು ಬೇಗನೆ ಬೀಗರ ಮುಂದೆ ಹಿಡಿದೆ. ಬೀಗಿತ್ತಿ ನನ್ನನ್ನು ನೋಡಿದರು. ಅತ್ತೆ ಸೆರಗು ನೋಡಿದರು.

"ಏಡಿನಾ ಅಮ್ಮಾ?" ಮಗಳ ಕಣ್ಣು ಅಗಲವಾದವು. "ನಿಜವಾಗ್ಲೂ? ಬೇರೆ ಯಾರೂ ಇಂಥದ್ದು ಹಾಕೇ ಇಲ್ಲ ಅಲ್ವಾ!" ಎಂದು ಅಲ್ಲೇ ನನ್ನನ್ನು ತಬ್ಬಿಕೊಂಡಳು. ಪಾನಕ ಸ್ವಲ್ಪ ಚೆಲ್ಲಿತು.

ಗಂಡಿನ ಅಜ್ಜಿ ಮೊಮ್ಮಗನ ತೋಳು ಹಿಡಿದು ಎದ್ದು ಬಂದರು. "ಎಲ್ಲವ್ವ, ಏಡಿ ಎಲ್ಲೈತೆ?"

"ಒಳಗೈತೆ ಅಜ್ಜಿ," ಎಂದು ಮಗಳು ಒಂದು ತೂತು ತೋರಿಸಿದಳು.

ಅಜ್ಜಿ ಬಗ್ಗಿ ಕಿರುಬೆರಳು ಇಟ್ಟು ನೋಡಿ, "ಕರೆದ್ರೆ ಬತ್ತದಾ?" ಎಂದರು. ನಡುಮನೆಯೆಲ್ಲ ನಗು.

ಆ ಗದ್ದಲದಲ್ಲಿ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ಚುಕ್ಕಿ ಅಂತ ನನ್ಗೇ ಸುಳ್ಳೇಳ್ದಲ್ಲ," ಎಂದು ತೋಳಿಗೆ ಮೆಲ್ಲಗೆ ಚಿವುಟಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಂದೊಂದು ಕೆಂಪು ಸೀರೆ ಐತೆ. ಅದ್ಕೂ ನಾಕು ಏಡಿ ಬುಡಮ್ಮ."